ಆರಿದ್ರಾ ಮಳೆಯ ಹದ

ಗದಗ, ಜೂನ್ 23, 2024, ರವಿವಾರ

ಮಿರಗ (ಮೃಗಶಿರಾ) ಮಳೆ ಮುಗಿದು ಆರಿದ್ರಾ ಶುರುವಾಗಿದೆ. ಕಾರ ಹುಣ್ಣಿಮೆ ಹೋಳಿಗೆ ಉಂಡು ಮುಗಿಯುವಷ್ಟರಲ್ಲಿ ಹಿತ್ತಲಿಗೆ ಹದ ಬಂತು.

ನಮ್ಮ ಎರೆ ಮಣ್ಣಿಗೆ, ಅಂದರೆ ಕಪ್ಪು ಮಣ್ಣಿಗೆ, ಹದ ಅನ್ನೋದು ಬಹಳ ಸಣ್ಣ ಹೊತ್ತು. ಮಳೆ ನಿಂತ ಕೂಡಲೇ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಗಟ್ಟಿ ಹೆಂಟೆ. ನಡುವೆ ಸಿಗುವ ಒಂದೆರಡು ದಿನದಲ್ಲೇ ಬೀಜ ಮಣ್ಣು ಸೇರಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಹೆಬ್ಬೆರಳಿಂದ ಒತ್ತಿದರೆ ಪುಡಿಪುಡಿ ಆಗಬೇಕು. ಬಾಜೂ ಮನೆ ಅಜ್ಜಿ ಮೊನ್ನೆಯೇ ಗೋಡೆ ಆಚೆಯಿಂದ ಕೂಗಿ ಹೇಳಿದ್ದರು, "ಯವ್ವಾ, ಮಣ್ಣು ಕೈಗೆ ಹತ್ತಿದ್ರ ಬೀಜ ಹಾಕಬ್ಯಾಡ, ತಡಿ." ಇವತ್ತು ಕೈಗೆ ಹತ್ತಲಿಲ್ಲ.

ಹೀರೆ ಬೀಜ ಹೋದ ವರ್ಷದ್ದೇ. ಬಳ್ಳಿಯಲ್ಲೇ ಒಣಗಲು ಬಿಟ್ಟ ಒಂದು ಕಾಯಿ ಒಡೆದು, ಬೂದಿಯಲ್ಲಿ ಬೆರೆಸಿ ಡಬ್ಬಿಯಲ್ಲಿ ಇಟ್ಟಿದ್ದೆ. ಕಪ್ಪಗೆ, ಚಪ್ಪಟೆಯಾಗಿ, ಒಂದೂ ಹುಳ ಹಿಡಿದಿಲ್ಲ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಊರಿದೆ. ಒಂದೂವರೆ ತಿಂಗಳಿಗೆ ಕಾಯಿ ಬಿಡುತ್ತದೆ. ಅಂದರೆ ಸರಿಯಾಗಿ ನಾಗರ ಪಂಚಮಿ ಹೊತ್ತಿಗೆ, ಅಲ್ವಾ? ಪಂಚಮಿಗೆ ಉಂಡಿ ಎಷ್ಟು ಮುಖ್ಯವೋ ನನಗೆ ಮೊದಲ ಹೀರೆಕಾಯಿಯೂ ಅಷ್ಟೇ ಮುಖ್ಯ. ಸಿಪ್ಪೆಯದು ಚಟ್ನಿ, ತಿರುಳಿನದು ಪಲ್ಯ, ಮೇಲೆ ಶೇಂಗಾ ಪುಡಿ.

ಹೀರೆ ಹೂವು ಅರಳೋದು ಸಂಜೆಗೆ. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಹಂದರದ ತುಂಬಾ ಹಳದಿ. ಗೊಂಚಲಾಗಿ ಬರುವುದು ಗಂಡು ಹೂವು. ಹೆಣ್ಣು ಹೂವು ಒಂಟಿ, ಕೆಳಗೆ ಬೆರಳಿನಷ್ಟು ಕಾಯಿ ಹೊತ್ತೇ ಹುಟ್ಟುತ್ತದೆ. ಕತ್ತಲಾದ ಮೇಲೆ ಪತಂಗಗಳು ಬರುತ್ತವೆ. ಅದನ್ನು ನೋಡುತ್ತಾ ಕೂತರೆ ಟಿವಿ ನೆನಪೇ ಆಗುವುದಿಲ್ಲ.

ಚೌಳಿ, ಬೆಂಡೆ ಕೂಡ ಹಾಕಿದೆ. ಮೆಂತ್ಯ, ಕೊತ್ತಂಬರಿ, ಹಕ್ಕರಿಕೆ ಸೊಪ್ಪು ಈಗ ಬೇಡ. ಅವು ಚಳಿಗಾಲಕ್ಕೆ. ಹಸ್ತ, ಚಿತ್ತಾ ಮಳೆಯ ತೇವವನ್ನು ಎರೆ ನೆಲ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬೆಳೆಯೋದು ಅದರ ಮೇಲೆಯೇ. ಹಿತ್ತಲಿನ ಸೊಪ್ಪಿಗೂ ಆಗ ನೀರು ಜಾಸ್ತಿ ಬೇಕಿಲ್ಲ. ಬಿಸಿ ರೊಟ್ಟಿ ಜೊತೆ ಹಸಿ ಹಕ್ಕರಿಕೆ ತಿನ್ನಲು ಡಿಸೆಂಬರ್ ತನಕ ಕಾಯುವುದರಲ್ಲೇ ಒಂದು ಸುಖ ಇದೆ. ವರ್ಷವಿಡೀ ಎಲ್ಲಾ ತರಕಾರಿ ಬೇಕು ಅನ್ನುವ ಹಟ ಬಿಟ್ಟ ಮೇಲೆ ನಮ್ಮ ಸಂತೆ ಚೀಲವೂ ಹಗುರಾಯಿತು, ಖರ್ಚೂ ಇಳಿಯಿತು.

ಬೇಸಿಗೆಯಲ್ಲಿ ನೆಲ ಬಿರುಕು ಬಿಡುತ್ತದೆ, ಕೈ ಇಳಿಯುವಷ್ಟು. ನಳದ ನೀರು ಎಂದು ಬರುತ್ತದೋ ಹೇಳಲಾಗದು. ಆಗ ನಾನು ಹೊಸದೇನೂ ಹಚ್ಚುವುದಿಲ್ಲ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಸೊಪ್ಪು ತೊಳೆದದ್ದು ಮಲ್ಲಿಗೆಗೆ. ಬುಡಕ್ಕೆ ಒಣ ಎಲೆ, ಜೋಳದ ಕಣಿಕೆ ಹೊದಿಸುತ್ತೇನೆ. ಅದೇ ಕೊಳೆತು ಈಗ ಮಣ್ಣು ಸೇರಿದೆ. ಇವತ್ತು ಅಗೆಯುವಾಗ ಎರೆಹುಳು ಕಂಡವು, ಜೀವ ತಂಪಾಯಿತು.

ನಾಳೆ ಹಂದರಕ್ಕೆ ಬಿದಿರು ತರಬೇಕು. ಆಷಾಢದ ಗಾಳಿ ಬರುವುದಿದೆ, ಕಪ್ಪತಗುಡ್ಡದ ಕಡೆ ಗಾಳಿ ವಿದ್ಯುತ್ತಿನ ಫ್ಯಾನುಗಳು ಈಗಲೇ ಜೋರಾಗಿ ತಿರುಗುತ್ತಿವೆ. ಹಗ್ಗ ಸಾಲುವುದಿಲ್ಲ, ತಂತಿಯಲ್ಲೇ ಬಿಗಿಯಬೇಕು ಅಂತ ಮನೆಯವರಿಗೆ ಹೇಳಿದ್ದೇನೆ.