ಗೋಡೆಯ ಮೇಲಿನ ಕೈಗುರುತು

ಈ ಕೆಲಸಕ್ಕೆ ಹೇಗೆ ಬಂದಿರಿ ಅಂತ ಯಾರಾದರೂ ಕೇಳಿದರೆ, ಅಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಕಥೆ ಹೇಳುತ್ತೇನೆ. ಕಥೆ ಸುಳ್ಳಲ್ಲ. ಆದರೆ ಅಪ್ಪ ಬಿದ್ದು ಆರು ವರ್ಷ ಕಳೆದ ಮೇಲೆ ನಾನು ಈ ವ್ಯಾಪಾರ ಶುರುಮಾಡಿದ್ದು. ನಿಜ ಹೇಳಬೇಕೆಂದರೆ, ಮನೆ ಕಟ್ಟುವ ಕಂಪನಿಯೊಂದರಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ, ಆ ಕೆಲಸ ಹೋಯಿತು. ನಲವತ್ತನಾಲ್ಕನೇ ವಯಸ್ಸಲ್ಲಿ ಮತ್ತೆ ಅರ್ಜಿ ಹಿಡಿದು ಅಲೆಯಲು ಮನಸ್ಸಾಗಲಿಲ್ಲ. ಡ್ರಿಲ್ ಹಿಡಿಯಲು ಬರುತ್ತಿತ್ತು. ಗೋಡೆ ತಟ್ಟಿದರೆ ಒಳಗೆ ಗಟ್ಟಿಯೋ ಟೊಳ್ಳೋ ಗೊತ್ತಾಗುತ್ತಿತ್ತು. ವಯಸ್ಸಾದವರು ಜಾರದ ಹಾಗೆ, ಎಡವದ ಹಾಗೆ ಅವರ ಮನೆ ಸರಿಮಾಡಿಕೊಡೋಣ ಅಂತ ಹೊರಟೆ.

ಮೊದಲು ಮಾಡಿದ್ದು ಕರಪತ್ರ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದೆ. ಎರಡು ತಿಂಗಳು ಒಂದು ಫೋನೂ ಬರಲಿಲ್ಲ. ಈಗ ಯೋಚಿಸಿದರೆ, ಸಾವಿನ ಲೆಕ್ಕ ಓದಿ ಯಾರು ತಾನೇ ಖುಷಿಯಾಗಿ ಫೋನ್ ಮಾಡುತ್ತಾರೆ ಅನಿಸುತ್ತದೆ.

ಕೊನೆಗೂ ಒಬ್ಬ ಮಗಳು ಫೋನ್ ಮಾಡಿದಳು. ದೂರದಲ್ಲಿರುವವಳು. ಅಪ್ಪನಿಗೆ 81, ಒಬ್ಬರೇ ಇರುತ್ತಾರೆ, ಗಣಿತದ ಮೇಷ್ಟ್ರಾಗಿದ್ದವರು. "ಅವರು ಬೇಡ ಅಂತಾರೆ. ನೀವು ಹೇಗಾದರೂ ಮಾಡಿ" ಅಂದಳು. ದುಡ್ಡು ಕೊಡುವವರು ಒಬ್ಬರು, ಮನೆ ಇನ್ನೊಬ್ಬರದು. ಈ ವ್ಯಾಪಾರದ ಫಜೀತಿಯೆಲ್ಲ ಇಲ್ಲೇ ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಮೇಷ್ಟ್ರು ಬಾಗಿಲು ತೆಗೆದರು. ನಾನು ಅರವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಮನೆಯೆಲ್ಲ ಸುತ್ತಿದೆ. ಹೊಸ್ತಿಲು ಎತ್ತರ. ದುಂಡಗಿನ ಬಾಗಿಲ ಹಿಡಿ, ಬೆರಳಿನ ಕೀಲು ನೋಯುವವರಿಗೆ ತಿರುಗಿಸಲು ಕಷ್ಟ. ಮಂಚದಿಂದ ನಾಲ್ಕು ಹೆಜ್ಜೆ ಆಚೆ ದೀಪದ ಸ್ವಿಚ್ಚು. ನಡುಮನೆಯಲ್ಲಿ ಅಂಚು ಮಡಚಿದ ಜಮಖಾನ. ಒಟ್ಟು 34 ದೋಷ ಸಿಕ್ಕವು. ಅವರ ಎದುರಿಗೆ ಕೂತು ಒಂದೊಂದಾಗಿ ಓದಿದೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ಹಾಗೆ.

ಅವರು ಪೂರ್ತಿ ಕೇಳಿದರು. ಆಮೇಲೆ, "ಈ ಮನೆಯಲ್ಲಿ ನಲವತ್ತು ವರ್ಷದಿಂದ ಇದ್ದೇನಮ್ಮ. 34 ಸಲ ಸತ್ತಿರಬೇಕಿತ್ತಲ್ಲ ನಾನು?" ಅಂದರು.

ಮಗಳು ಹೇಳಿದ್ದಾಳೆ ಅನ್ನುವ ಧೈರ್ಯದಲ್ಲಿ, ಬಚ್ಚಲಲ್ಲಿ ಕಮೋಡಿನ ಪಕ್ಕಕ್ಕೆ ಒಂದು ಹಿಡಿಕೆ ಕಂಬಿ ಹಾಕಿ ಬಂದೆ. ಕಂಬಿ 84ರಿಂದ 91 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು ಅಂತ ನನ್ನ ಪಟ್ಟಿಯಲ್ಲಿತ್ತು. ಟೇಪು ಹಿಡಿದು 85ಕ್ಕೆ ಗುರುತು ಮಾಡಿದೆ. ಲೆವೆಲ್ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವಾರೆ ಇರಲಿಲ್ಲ. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳು ಕೈಮುಗಿಯುವ ಚಿತ್ರ ಕಳಿಸಿದಳು.

ವಾರದ ನಂತರ ಬಾಕಿ ಕೆಲಸಕ್ಕೆ ಅವರನ್ನು ಒಪ್ಪಿಸಲು ಹೋದರೆ ಕಂಬಿಯ ಮೇಲೆ ಒದ್ದೆ ಟವೆಲ್ ನೇತಾಡುತ್ತಿತ್ತು. "ತುಂಬಾ ಅನುಕೂಲ ಆಯ್ತಮ್ಮ" ಅಂದರು ಮೇಷ್ಟ್ರು. ಅಣಕವೋ ನಿಜವೋ ಅವರ ಮುಖ ನೋಡಿ ತಿಳಿಯುವಂತಿರಲಿಲ್ಲ. ನನ್ನ ಕರಪತ್ರವನ್ನು ನಾಲ್ಕಾಗಿ ಮಡಚಿ, ಅಲುಗಾಡುವ ಮೇಜಿನ ಕಾಲಿನ ಕೆಳಗೆ ಇಟ್ಟಿದ್ದರು. ಆ ಕರಪತ್ರದಿಂದ ಒಂದು ಮನೆಗೆ ಅಷ್ಟಾದರೂ ಭದ್ರತೆ ಸಿಕ್ಕಿತಲ್ಲ.

ಟವೆಲ್ ನೋಡಿ ಸಿಟ್ಟು ಬಂತು. ಬಾಯಿ ಬಿಡದೆ ಅಲ್ಲೇ ನಿಂತಿದ್ದೆ. ಆಗ ಎದುರುಗಡೆ ಗೋಡೆ ಕಂಡಿತು.

ಬಲಗಡೆಯ ಬಿಳಿ ಟೈಲ್ಸ್ ಮೇಲೆ, ನನ್ನ ಸೊಂಟಕ್ಕಿಂತ ಕೆಳಗೆ, ಅಂಗೈ ಅಗಲದ ಮಸುಕು ಕಲೆ. ಅದರ ಮುಂದೆ ವಾಶ್ ಬೇಸಿನ್ನಿನ ಅಂಚು ಸವೆದು ಹೊಳೆಯುತ್ತಿತ್ತು. ಬೇಸಿನ್ ಗೋಡೆಗೆ ಸೇರುವಲ್ಲಿ ಹಾಕಿದ್ದ ಸಿಲಿಕೋನ್ ಅಂಟು ಬಿರುಕು ಬಿಟ್ಟಿತ್ತು. ಕೈಯಿಟ್ಟು ಒತ್ತಿದೆ. ಅಲುಗಾಡಿತು. ಇವರು ದಿನವೂ ಏಳುವಾಗ ಮೈಭಾರ ಹಾಕುತ್ತಿದ್ದದ್ದು ಎರಡು ಬೋಲ್ಟಿನ ಮೇಲೆ ನಿಂತ ಆ ಬೇಸಿನ್ ಮೇಲೆ.

"ಮೇಷ್ಟ್ರೇ, ನೀವು ಎಡಗೈ ಊರೋದೇ ಇಲ್ವಾ?"

"ಎಡ ಭುಜ ಹೋಗಿ ಎಂಟು ವರ್ಷ ಆಯ್ತು. ನೀನು ಕೇಳಲಿಲ್ಲ."

ಕೇಳಿರಲಿಲ್ಲ, ನಿಜ. ನನ್ನ ಅರವತ್ತು ಪ್ರಶ್ನೆಗಳಲ್ಲಿ ಅದೊಂದು ಇರಲೇ ಇಲ್ಲ. ಎಲ್ಲವೂ ಮನೆಯ ಬಗ್ಗೆಯೇ. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಎಡಗೋಡೆಗೇ ಯಾಕೆ ಕಂಬಿ ಹಾಕಿದೆ ಗೊತ್ತಾ? ಅದು ಇಟ್ಟಿಗೆ ಗೋಡೆ. ಬಲಗಡೆಯದು ಟೊಳ್ಳು, ಟೈಲ್ಸ್ ಹಿಂದೆ ಬರೀ ಬೋರ್ಡು. ಡ್ರಿಲ್ಲಿಗೆ ಸುಲಭವಾದ ಗೋಡೆಯನ್ನು ಆರಿಸಿಕೊಂಡಿದ್ದೆ, ಅಷ್ಟೇ.

ಅವತ್ತು ಪಟ್ಟಿಯನ್ನು ಬ್ಯಾಗಿನೊಳಗೆ ಹಾಕಿದೆ. "ನೀವು ನಿಮ್ಮ ಪಾಡಿಗೆ ಇರಿ, ನಾನು ಸುಮ್ನೆ ನೋಡ್ತೀನಿ" ಅಂದೆ. ಅವರಿಗೆ ಇದು ಸ್ವಲ್ಪ ಮಜಾ ಅನ್ನಿಸಿತು. ಎದ್ದರು, ನಡೆದರು, ಪೇಪರ್ ತಂದರು, ಕೂತರು. ಅವರ ಕೈ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಬಣ್ಣ ಮಾಸಿತ್ತು. ಕೋಣೆಯ ಬಾಗಿಲ ಚೌಕಟ್ಟು, ಕುರ್ಚಿಯ ಬೆನ್ನು, ಕಪಾಟಿನ ಮೂಲೆ. ಮನೆ ತುಂಬ ಅವರೇ ಗುರುತು ಹಾಕಿಟ್ಟಿದ್ದರು. ನಾನು ಟೇಪು ಹಿಡಿದು ಅವನ್ನೆಲ್ಲ ದಾಟಿಕೊಂಡು ಓಡಾಡಿದ್ದೆ.

ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಒಂದು ಪರೀಕ್ಷೆ ಇದೆ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಸಂಭವ ಹೆಚ್ಚು ಅಂತ ಲೆಕ್ಕ. ಮೇಷ್ಟ್ರಿಗೆ 17 ಹಿಡಿಯಿತು. ಅವರೇ ಗಡಿಯಾರ ನೋಡಿ ಇನ್ನೊಂದು ಸಲ ಮಾಡುತ್ತೇನೆ ಅಂದರು. ಮತ್ತೆ 17. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ 34 ದೋಷಗಳಿಗೆ ಬಗ್ಗದವರು ತಾವೇ ಅಳೆದ ಒಂದು ಅಂಕಿಗೆ ಬಗ್ಗಿದರು.

ಬಲಗೋಡೆ ಬಿಚ್ಚಬೇಕಾಯಿತು. ಟೈಲ್ಸ್ ತೆಗೆದು, ಒಳಗಿನ ಚೌಕಟ್ಟಿಗೆ ದಪ್ಪ ಪ್ಲೈವುಡ್ ಬಿಗಿದು, ಮತ್ತೆ ಮುಚ್ಚುವುದಕ್ಕೆ ಎರಡು ದಿನ. ಖರ್ಚು ನನ್ನದೇ. ಮೊದಲ ಗಿರಾಕಿಯಲ್ಲೇ ನಷ್ಟ. ಎರಡು ದಿನವೂ ಮೇಷ್ಟ್ರು ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಗೋಡೆಗೂ ಕಂಬಿಗೂ ನಡುವೆ ಎಷ್ಟು ಜಾಗ ಬಿಡ್ತೀಯ?"

"38 ಮಿಲಿಮೀಟರ್."

"ಯಾಕೆ? 80 ಬಿಟ್ಟರೆ ಏನಾಗುತ್ತೆ? ಕೈ ಆಡಿಸೋಕೆ ಸಲೀಸಲ್ವಾ?"

ಕೈ ಜಾರಿದರೆ ತೋಳು ಪೂರ್ತಿ ಸಂದಿಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಮೈಭಾರ ಬಿದ್ದರೆ ಮೂಳೆಯೇ ಮುರಿಯಬಹುದು ಅಂತ ವಿವರಿಸಿದೆ. ಅವರು ತಮ್ಮ ತೋಳು ನೋಡಿಕೊಂಡರು. "ಸರಿ. ಕಾರಣ ಇದೆ" ಅಂದರು. ಅಲ್ಲಿಂದ ಮುಂದೆ ಅದು ಅವರ ಕಂಬಿಯಾಯಿತು.

ಎತ್ತರ 85 ಅಲ್ಲ, ಕೈಗುರುತು ಇದ್ದ 76. ಬಿಗಿದಾದ ಮೇಲೆ, ಇಂಥ ಕಂಬಿ 113 ಕೆ.ಜಿ. ತಡೆಯಬೇಕು ಅಂತ ಹೇಳಿ, ಅದಕ್ಕೆ ಜೋತುಬಿದ್ದು ತೋರಿಸಿದೆ.

"ನಿನ್ನ ತೂಕ ಎಷ್ಟು?"

"62."

"ಹಾಗಾದರೆ ಇನ್ನೂ ಸಾಬೀತಾಗಲಿಲ್ಲ."

ನನ್ನ ಜೊತೆ ಬಂದ ಹುಡುಗನನ್ನೂ ಕರೆದು, ಇಬ್ಬರೂ ಒಟ್ಟಿಗೆ ಜೋತುಬಿದ್ದೆವು. ಮೇಷ್ಟ್ರು ಅವನ ತೂಕವನ್ನೂ ಕೇಳಿ, ಕೂಡಿಸಿ, ತಲೆಯಾಡಿಸಿದರು.

ಮಂಚದ ಕೆಳಗೆ ಸೆನ್ಸರ್ ದೀಪ ಹಾಕಿದೆ, ಕಾಲು ನೆಲಕ್ಕೆ ಇಟ್ಟರೆ ಹೊತ್ತುವಂಥದ್ದು. ಅರವತ್ತು ದಾಟಿದವರ ಕಣ್ಣಿನ ಒಳಗೆ ಇಪ್ಪತ್ತರ ಹರೆಯದವರಿಗೆ ಹೋಗುವ ಬೆಳಕಿನ ಮೂರನೇ ಒಂದರಷ್ಟೇ ಹೋಗುತ್ತದೆ ಅಂದಾಗ, ಮೇಷ್ಟ್ರು ಎಂಬತ್ತೊಂದಕ್ಕೆ ಎಷ್ಟು ಅಂತ ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ದೀಪ ಹಾಕಿದೆ.

ಉಳಿದದ್ದು ಜಮಖಾನ. ಅದನ್ನು ಸುತ್ತಿ ಅಟ್ಟಕ್ಕೆ ಹಾಕೋಣ ಅಂದೆ. "ಅದು ಅವಳು ತಂದದ್ದು" ಅಂದರು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ನಾನು ಮತ್ತೆ ಕೇಳಲಿಲ್ಲ. ಕೆಳಗೆ ಜಾರದ ರಬ್ಬರ್ ಹಾಳೆ ಹಾಸಿ, ಅಂಚುಗಳನ್ನು ಎರಡೂ ಬದಿ ಅಂಟುವ ಟೇಪಿನಿಂದ ನೆಲಕ್ಕೆ ಅಂಟಿಸಿದೆ. ತೆಗೆಯುವುದೇ ಸರಿ ಅಂತ ನನಗೆ ಇವತ್ತಿಗೂ ಗೊತ್ತು.

ಈಗಲೂ ಮೂರು ತಿಂಗಳಿಗೊಮ್ಮೆ ಬೋಲ್ಟು ಬಿಗಿಯಾಗಿದೆಯಾ ನೋಡಲು ಹೋಗುತ್ತೇನೆ. ನಡುಮನೆ ದಾಟುವಾಗ ಮಾತಾಡುತ್ತಲೇ ಜಮಖಾನದ ಅಂಚನ್ನು ಕಾಲಿನಿಂದ ಒತ್ತಿ ನೋಡುತ್ತೇನೆ. ಮೇಷ್ಟ್ರು ಪೇಪರಿನಿಂದ ತಲೆಯೆತ್ತುವುದಿಲ್ಲ. "ಎಡಗಡೆ ಮೂಲೆ ಸ್ವಲ್ಪ ಎದ್ದಿದೆ ನೋಡು" ಅನ್ನುತ್ತಾರೆ.