ಗಾಜಿನ ಬಚ್ಚಲು ಮತ್ತು ಕೆಂಪು ಸ್ಟೂಲು

ಕಳೆದ ಫೆಬ್ರವರಿಯಲ್ಲಿ ಬಂಧುಗಳ ಮನೆಯ ಮದುವೆಗೆಂದು 76 ವರ್ಷದ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಮುಹೂರ್ತ ಬೆಳಗಿನ 6 ಗಂಟೆಗೇ ಇದ್ದುದರಿಂದ ಛತ್ರದ ಸಮೀಪದ ಹೋಟೆಲೊಂದರಲ್ಲಿ ಹಿಂದಿನ ರಾತ್ರಿಯೇ ಕೋಣೆ ಹಿಡಿದಿದ್ದೆವು. ನಾಲ್ಕು ಗಂಟೆಗೆ ಎದ್ದು, ಅಮ್ಮ ಇನ್ನರ್ಧ ಗಂಟೆ ಮಲಗಲಿ ಎಂದುಕೊಂಡು, ಸದ್ದು ಮಾಡದೆ ಬಚ್ಚಲಿನ ದೀಪ ಹಾಕಿದರೆ ಇಡೀ ಕೋಣೆ ಹಗಲಾಯಿತು. ಏಕೆಂದರೆ ಮಂಚಕ್ಕೂ ಬಚ್ಚಲಿಗೂ ನಡುವೆ ಇದ್ದದ್ದು ಗೋಡೆಯಲ್ಲ, ಗಾಜು. ಅದರ ಪರದೆಯನ್ನು ಇಳಿಬಿಡುವ ದಾರ ಬಚ್ಚಲಿನ ಒಳಗಡೆ ಇತ್ತೆಂಬುದು ನನಗೆ ತಿಳಿದದ್ದು ಅಮ್ಮ ಎದ್ದು ಕುಳಿತ ಮೇಲೆ. "ಇದೇನೋ, ಅಂಗಡಿ ಶೋಕೇಸ್ ಇದ್ದ ಹಾಗಿದೆಯಲ್ಲೋ" ಎಂದರು.

ಗಾಜಿನ ಗೋಡೆ ಏಕೆ ಬಂತೆಂಬುದನ್ನು ಊಹಿಸುವುದು ಕಷ್ಟವಲ್ಲ. ಚಿಕ್ಕ ಕೋಣೆ ದೊಡ್ಡದಾಗಿ ಕಾಣುತ್ತದೆ, ಕಿಟಕಿಯಿಲ್ಲದ ಬಚ್ಚಲಿಗೆ ಕೋಣೆಯ ಬೆಳಕು ಸಿಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬುಕಿಂಗ್ ಆ್ಯಪ್‌ನಲ್ಲಿ ಹಾಕುವ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಊರುಗಳಲ್ಲಿ ಹೋಟೆಲ್ ಕೋಣೆಯಲ್ಲಿ ಉಳಿದುಕೊಳ್ಳುವವರು ನವದಂಪತಿಗಳು ಮಾತ್ರವಲ್ಲ. ಮದುವೆ, ಮುಂಜಿ, ಆಸ್ಪತ್ರೆ, ಪರೀಕ್ಷೆ ಎಂದು ಬರುವ ತಾಯಿ–ಮಗ, ಅಪ್ಪ–ಮಗಳು, ಅತ್ತೆ–ಸೊಸೆ, ಹೆಚ್ಚುವರಿ ಹಾಸಿಗೆ ಹಾಕಿಸಿಕೊಂಡು ಮಲಗುವ ಸೋದರಮಾವ, ಇವರೆಲ್ಲರೂ ಅದೇ ಒಂದು ಕೋಣೆಯಲ್ಲಿ ಇರುತ್ತಾರೆ. ಹೆಚ್ಚುವರಿ ಹಾಸಿಗೆಗೆ ದರ ಗೊತ್ತುಮಾಡಿಟ್ಟ ಹೋಟೆಲಿನವರಿಗೆ ಈ ಸಂಗತಿ ಗೊತ್ತಿಲ್ಲವೆಂದು ನಾನು ನಂಬಲಾರೆ.

ಲೆಕ್ಕಪರಿಶೋಧನೆಯ ಕೆಲಸಕ್ಕಾಗಿ ವರ್ಷಕ್ಕೆ ಐವತ್ತು–ಅರವತ್ತು ರಾತ್ರಿಗಳನ್ನು ಬೇರೆ ಬೇರೆ ಊರುಗಳ ಲಾಡ್ಜ್‌ಗಳಲ್ಲಿ ಕಳೆಯುವ ನನಗೆ ಗಾಜಿಗಿಂತಲೂ ದೊಡ್ಡ ದೂರು ಇರುವುದು ಬಚ್ಚಲಿನ ನೆಲದ ಮೇಲೆ. ನೀರು ಹೋಗುವ ಜಾಲರಿಯ ಕಡೆಗೆ ನೆಲಕ್ಕೆ ವಾಟ ಕೊಡಬೇಕೆಂಬುದು ಯಾವ ಗಾರೆಯವನಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಒಂದು ಮೀಟರಿಗೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ತಗ್ಗಿದರೆ ಸಾಕು, ನೀರು ತಾನಾಗಿ ಹರಿದುಹೋಗುತ್ತದೆ. ಹಂಡೆಯಿದ್ದ ಹಳೆಯ ಮನೆಗಳ ಬಚ್ಚಲಲ್ಲಿ ಕಲ್ಲುಚಪ್ಪಡಿಯ ಮೇಲೆ ಹತ್ತು ತಂಬಿಗೆ ಸುರಿದುಕೊಂಡರೂ ಐದು ನಿಮಿಷದಲ್ಲಿ ನೆಲ ಬರಿದಾಗುತ್ತಿತ್ತು. ಈಗ ಎರಡು ಅಡಿಗೆ ನಾಲ್ಕು ಅಡಿಯ ಹೊಳಪಿನ ಟೈಲ್ಸ್ ಬಂದಿವೆ. ಅಷ್ಟು ದೊಡ್ಡ ಬಿಲ್ಲೆಯನ್ನು ಒಂದೇ ದಿಕ್ಕಿಗೆ ಓರೆ ಮಾಡಬಹುದೇ ಹೊರತು, ನಾಲ್ಕೂ ಕಡೆಯಿಂದ ನಡುವಿನ ಜಾಲರಿಗೆ ಇಳಿಯುವಂತೆ ಮಾಡಬೇಕಾದರೆ ಅದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಬೇಕಾಗುತ್ತದೆ. ಕತ್ತರಿಸಿದರೆ ಅಂದ ಕೆಡುತ್ತದೆ ಎಂದು ಯಾರೋ ಹೇಳುತ್ತಾರೆ, ಮೇಸ್ತ್ರಿ ರಸಮಟ್ಟ ಇಟ್ಟು ಸಮತಟ್ಟಾಗಿಯೇ ಹಾಸಿಬಿಡುತ್ತಾನೆ. ಗೋಡೆಯ ಉದ್ದಕ್ಕೂ ಪಟ್ಟಿಯಂಥ ಜಾಲರಿ ಕೂರಿಸಿ ಇಡೀ ನೆಲವನ್ನು ಆ ಒಂದೇ ಬದಿಗೆ ಇಳಿಸಿದ್ದರೆ ದೊಡ್ಡ ಟೈಲ್ಸೂ ಉಳಿಯುತ್ತಿತ್ತು, ನೀರೂ ಹೋಗುತ್ತಿತ್ತು.

ಮೈಸೂರಿನ ಆ ಕೋಣೆಯಲ್ಲಿ ಜಾಲರಿ ಇದ್ದದ್ದು ಶವರಿನ ಎದುರು ಮೂಲೆಯಲ್ಲಿ, ಕಮೋಡಿನ ಹಿಂದೆ. ನಾನು ಸ್ನಾನ ಮುಗಿಸುವಷ್ಟರಲ್ಲಿ ನೀರು ಗಾಜಿನ ಬಾಗಿಲಿನ ಅಡಿಯಿಂದ ತೂರಿ ಕೋಣೆಯ ಕಾಲೊರೆಸನ್ನು ನೆನೆಸಿ, ಅಮ್ಮ ತೆಗೆದಿಟ್ಟಿದ್ದ ರೇಷ್ಮೆ ಸೀರೆಯ ಚೀಲದ ಬುಡ ಮುಟ್ಟಿತ್ತು. ಹೊಸ್ತಿಲು ಇಟ್ಟಿರಲಿಲ್ಲವೆಂಬುದಕ್ಕೆ ಮಾತ್ರ ನನ್ನ ಆಕ್ಷೇಪವಿಲ್ಲ. ಹೊಸ್ತಿಲು ಎಡವದೆ ಒಳಗೆ ಹೋಗುವುದು ವಯಸ್ಸಾದವರಿಗೆ ಅನುಕೂಲವೇ. ಹಾಗಿದ್ದ ಮೇಲೆ ವಾಟ ಇನ್ನೂ ಎಚ್ಚರದಿಂದ ಇರಬೇಕಿತ್ತು. ಜಾರುವ ಆ ನೆಲದ ಮೇಲೆ ಅಮ್ಮನಿಗೆ ಹಿಡಿದುಕೊಳ್ಳಲು ಇದ್ದದ್ದು ಟವೆಲ್ ಹಾಕುವ ಸಲಾಕೆ ಮಾತ್ರ. ಟವೆಲಿನ ಭಾರಕ್ಕೆಂದು ಎರಡು ಸಣ್ಣ ಸ್ಕ್ರೂ ಹಾಕಿ ಕೂರಿಸಿದ್ದ ಅದು ಅವರ ಕೈಯಲ್ಲಿ ಅಲುಗಾಡಿದ್ದನ್ನು ಕಂಡು ನನ್ನ ಎದೆ ಝಲ್ಲೆಂದಿತು.

ಶವರಿನ ವಿಷಯಕ್ಕೆ ಬಂದರೆ, ಅದರ ತಿರುಗಣೆಯನ್ನು ಸರಿಯಾಗಿ ಅದರ ಕೆಳಗೇ ಕೂರಿಸುವ ಪದ್ಧತಿಯನ್ನು ಯಾರು ಶುರುಮಾಡಿದರೋ ತಿಳಿಯದು. ಹಿಂದಿನ ದಿನ ಇದ್ದವರು ಗುಂಡಿಯನ್ನು ಶವರಿನ ಕಡೆಗೆ ತಿರುಗಿಸಿಟ್ಟು ಹೋಗಿರುತ್ತಾರೆ. ನಾವು ಬಟ್ಟೆ ತೊಟ್ಟುಕೊಂಡೇ ಕಾಲು ತೊಳೆಯಲು ನಲ್ಲಿ ತಿರುಗಿಸಿದರೆ ತಲೆಯ ಮೇಲೆ ತಣ್ಣೀರಿನ ಅಭಿಷೇಕವಾಗುತ್ತದೆ. ಬಿಸಿನೀರು ತಾರಸಿಯ ಸೋಲಾರ್‌ನಿಂದ ಬರಬೇಕಾದ ಕಡೆ ಕೊಳವೆಯಲ್ಲಿ ನಿಂತ ತಣ್ಣೀರೆಲ್ಲ ಮೊದಲು ಹೋಗಬೇಕು. ಒಂದಿಂಚಿನ ಕೊಳವೆ 30 ಮೀಟರ್ ಇದ್ದರೆ ಅದರಲ್ಲೇ ಸುಮಾರು 15 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬಕೆಟ್ ನೀರು, ಕಣ್ಣೆದುರೇ ಚರಂಡಿಗೆ ಹೋಗುತ್ತದೆ. ಬಕೆಟ್ ಇದ್ದಿದ್ದರೆ ಅದನ್ನು ಹಿಡಿದಿಟ್ಟು ಬೆರಕೆಗೆ ಬಳಸಬಹುದಿತ್ತು. ಹಳೆಯ ಲಾಡ್ಜ್‌ಗಳಲ್ಲಿ "ಬಿಸಿನೀರು ಬೆಳಿಗ್ಗೆ 6ರಿಂದ 9ರವರೆಗೆ" ಎಂಬ ಫಲಕದ ಜೊತೆಗೆ ಬಕೆಟ್ಟೂ ಮಗ್ಗೂ ಇರುತ್ತಿದ್ದವು. ಕೋಣೆಗೆ ಮೂರು ನಕ್ಷತ್ರ ಬಂದ ಕೂಡಲೇ ಮೊದಲು ಮಾಯವಾಗುವುದು ಅವೇ.

ಗೀಸರ್ ಇರುವ ಕಡೆ ಅದರ ಸ್ವಿಚ್ಚು ಬಚ್ಚಲಿನ ಹೊರಗಿರುವುದು ಸರಿಯೇ. ಒದ್ದೆ ಕೈಗೂ ವಿದ್ಯುತ್ತಿಗೂ ದೂರವಿರಬೇಕು. ಆದರೆ ಒಂದೇ ಬಗೆಯ ಎಂಟು ಸ್ವಿಚ್ಚುಗಳ ಸಾಲಿನಲ್ಲಿ ಅದು ಯಾವುದೆಂದು ಬರೆದಿರುವುದಿಲ್ಲ. 15 ಲೀಟರಿನ, 2 ಕಿಲೋವಾಟಿನ ಗೀಸರ್ ಕಾಯಲು ಹೇಗೂ ಹದಿನೈದು–ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಕಾದ ಮೇಲೆ ನಾವು ಹಾಕಿದ್ದು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚೆಂದು ತಿಳಿಯುತ್ತದೆ. ಮಂಚದ ಬಳಿ ಪ್ಲಗ್ ಇಲ್ಲದಿರುವುದು, ಸಿಕ್ಕಿಸಿಟ್ಟರೆ ಮಾತ್ರ ಕೋಣೆಗೆ ಕರೆಂಟು ಕೊಡುವ ಕೀ ಕಾರ್ಡ್ ತೆಗೆದುಕೊಂಡು ಊಟಕ್ಕೆ ಹೋದರೆ ಚಾರ್ಜಿಗಿಟ್ಟ ಫೋನ್ ಸತ್ತಿರುವುದು, ಒದ್ದೆ ಪಂಚೆ ಒಣಹಾಕಲು ಒಂದು ಮೊಳೆಯೂ ಸಿಗದಿರುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವೇ.

ಬಾಗಿಲು ತೆರೆದೊಡನೆ ಚರಂಡಿಯ ವಾಸನೆ ಹೊಡೆದರೆ ಮಾತ್ರ ಕೋಣೆ ಬದಲಿಸುವ ಮೊದಲು ಜಾಲರಿಗೆ ಎರಡು ಮಗ್ ನೀರು ಸುರಿದು ನೋಡಿ. ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಎರಡು ಇಂಚಿನಷ್ಟು ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯಬೇಕು. ಕೋಣೆ ಬಹಳ ದಿನ ಖಾಲಿಯಿದ್ದರೆ ಅದು ಆರಿಹೋಗಿರುತ್ತದೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಐದಾರು ಸಲ ವಾಸನೆ ಅಷ್ಟಕ್ಕೇ ನಿಲ್ಲುತ್ತದೆ. ಸುರಿಯಲು ಮಗ್ ಇರಬೇಕಷ್ಟೆ.

ಅಂದು ಬೆಳಿಗ್ಗೆ ರಿಸೆಪ್ಷನ್ನಿಗೆ ಫೋನ್ ಮಾಡಿ, ಅಮ್ಮನ ಸ್ನಾನಕ್ಕೆ ಒಂದು ಬಕೆಟ್, ಒಂದು ಮಗ್, ಕೂರಲು ಏನಾದರೂ ಸಿಗಬಹುದೇ ಎಂದು ಸಂಕೋಚದಿಂದಲೇ ಕೇಳಿದೆ. ಎರಡು ನಿಮಿಷದೊಳಗೆ ರೂಮ್‌ಬಾಯ್ ಮೂರನ್ನೂ ಹೊತ್ತು ತಂದ. ಸ್ಟೂಲು ಕೆಂಪು ಪ್ಲಾಸ್ಟಿಕ್ಕಿನದು, ಅಂಚು ಸವೆದಿತ್ತು. ಇಷ್ಟು ಬೇಗ ಎಲ್ಲಿಂದ ತಂದೆಯಪ್ಪಾ ಎಂದರೆ, "ಮೆಟ್ಟಿಲ ಕೆಳಗೆ ಇಟ್ಟಿರ್ತೀವಿ ಸರ್, ಮದುವೆ ಸೀಸನ್‌ನಲ್ಲಿ ಎಲ್ಲಾ ರೂಮಿನವರೂ ಕೇಳ್ತಾರೆ. ಸ್ನಾನ ಆದ ತಕ್ಷಣ ಹೇಳಿಬಿಡಿ, 204ರ ಅಜ್ಜಿ ಕಾಯ್ತಾ ಇದ್ದಾರೆ" ಎಂದ.