ಸ್ಟಾರ್ಟ್ ಬಟನ್ ಬದಲಿಸುವವರಿಗೆ: ಮೂರು ಚಿತ್ರಗಳ ಲೆಕ್ಕ

ವಿಂಡೋಸ್ 7ರಲ್ಲಿ ಸ್ಟಾರ್ಟ್ ಬಟನ್ ಬದಲಿಸಬೇಕೆಂದರೆ ಎಕ್ಸ್‌ಪ್ಲೋರರ್ ಫೈಲನ್ನೇ ರಿಸೋರ್ಸ್ ಹ್ಯಾಕರ್ ಎಂಬ ತಂತ್ರಾಂಶದಲ್ಲಿ ಬಿಚ್ಚಿ, ಒಳಗಿನ 6801, 6805, 6809ನೇ ಬಿಟ್‌ಮ್ಯಾಪ್‌ಗಳ ಜಾಗಕ್ಕೆ ಬೇರೆ ಚಿತ್ರ ತುಂಬಬೇಕಿತ್ತು. ಆ ಕಾಲದ ಪಾಠಗಳು ಈಗಲೂ ಅಂತರ್ಜಾಲದಲ್ಲಿ ಸಿಗುತ್ತವೆ. ವಿಂಡೋಸ್ 10, 11ರಲ್ಲಿ ಅವುಗಳ ತಂಟೆಗೆ ಹೋಗಬೇಡಿ. ಫೈಲಿನ ಡಿಜಿಟಲ್ ಸಹಿ ಕೆಡುತ್ತದೆ, ಮುಂದಿನ ಅಪ್‌ಡೇಟ್ ಬಂದಾಗ ಮಾಡಿದ ಕೆಲಸವೂ ಅಳಿಸಿಹೋಗುತ್ತದೆ.

ಸ್ಟಾರ್ಟ್ ಮೆನು, ಬಟನ್ ಎರಡನ್ನೂ ಬದಲಿಸುವ ಓಪನ್-ಶೆಲ್ ಎಂಬ ತಂತ್ರಾಂಶ ಸಾಕು. 2017ರಲ್ಲಿ ನಿಂತುಹೋದ ಕ್ಲಾಸಿಕ್ ಶೆಲ್‌ನ ಮುಂದುವರಿಕೆ ಇದು, ಉಚಿತ. ಅದರ ಗಿಟ್‌ಹಬ್ ಪುಟದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಕ್ಲಾಸಿಕ್ ಎಕ್ಸ್‌ಪ್ಲೋರರ್, ಕ್ಲಾಸಿಕ್ ಐಇ ಎರಡನ್ನೂ ಬಿಟ್ಟು, ಓಪನ್-ಶೆಲ್ ಮೆನು ಮಾತ್ರ ಆರಿಸಿ.

ಮೆನುವಿನ ಕೆಲಸ ಸುಲಭ. ಕ್ಲಾಸಿಕ್, ಎರಡು ಕಾಲಂನ ಕ್ಲಾಸಿಕ್, ವಿಂಡೋಸ್ 7 ಎಂಬ ಮೂರು ಶೈಲಿಗಳಿವೆ. ಒಂದನ್ನು ಆರಿಸಿ, ಸ್ಕಿನ್ ಟ್ಯಾಬ್‌ಗೆ ಹೋಗಿ ಬೇಕಾದ ಉಡುಪು ತೊಡಿಸಿ. ಹೊರಗಿನಿಂದ ತಂದ ಸ್ಕಿನ್ ಪಟ್ಟಿಯಲ್ಲಿ ಕಾಣದಿದ್ದರೆ ಎಕ್ಸ್‌ಟೆನ್ಶನ್ ನೋಡಿ: ಕೊನೆಯಲ್ಲಿ 'ಸ್ಕಿನ್7' ಇದ್ದದ್ದು ವಿಂಡೋಸ್ 7 ಶೈಲಿಗೆ ಮಾತ್ರ, ಬರೀ 'ಸ್ಕಿನ್' ಇದ್ದದ್ದು ಕ್ಲಾಸಿಕ್ ಶೈಲಿಗಳಿಗೆ. ಹೆಸರು ತಿದ್ದಿದರೆ ಕೆಲಸವಾಗದು. ಒಳಗಿನ ರಚನೆಯೇ ಬೇರೆ.

ಜನ ಎಡವುವುದು ಬಟನ್‌ನಲ್ಲಿ. ಸ್ಟಾರ್ಟ್ ಬಟನ್ ಬದಲಿಸುವ ಚೌಕಕ್ಕೆ ಟಿಕ್ ಹಾಕಿ 'ಕಸ್ಟಮ್' ಆರಿಸಿದರೆ ಒಂದೇ ಒಂದು ಚಿತ್ರ ಕೇಳುತ್ತದೆ. ಆದರೆ ಆ ಚಿತ್ರದೊಳಗೆ ಮೂರು ಚಿತ್ರಗಳು ಒಂದರ ಕೆಳಗೊಂದು ಇರಬೇಕು: ಮೇಲೆ ಸುಮ್ಮನಿರುವಾಗಿನದು, ನಡುವೆ ಮೌಸ್ ಬಂದಾಗಿನದು, ಕೆಳಗೆ ಒತ್ತಿದಾಗಿನದು. ವಿಂಡೋಸ್ 7ರ ಗುಂಡು ಬಟನ್‌ದೂ ಇದೇ ಏರ್ಪಾಡು: 54 ಪಿಕ್ಸೆಲ್ ಅಗಲ, 162 ಎತ್ತರ. ಒಟ್ಟು ಎತ್ತರ ಮೂರರಿಂದ ಭಾಗವಾಗಲೇಬೇಕು. ಇಲ್ಲವೆಂದರೆ, ಇಲ್ಲವೇ ಮೂರೂ ಚಿತ್ರಗಳು ತಮ್ಮ ಚೌಕದ ನಟ್ಟನಡುವೆ ಕೂರದಿದ್ದರೆ, ಮೌಸ್ ತಂದಾಗಲೆಲ್ಲ ಬಟನ್ ಮೇಲೆ ಕೆಳಗೆ ಜಿಗಿಯುತ್ತದೆ. ನೋಡಲು ಅದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ.

ಗಾತ್ರವನ್ನು ಟಾಸ್ಕ್‌ಬಾರ್ ನೋಡಿ ನಿರ್ಧರಿಸಿ. ಸ್ಕೇಲಿಂಗ್ (ತೆರೆಯ ಮೇಲಿನದನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) ಶೇ. 100 ಇದ್ದಾಗ ವಿಂಡೋಸ್ 10ರ ಟಾಸ್ಕ್‌ಬಾರ್ 40 ಪಿಕ್ಸೆಲ್, ವಿಂಡೋಸ್ 11ರದು 48. ಹಾಗಾಗಿ ಚಿತ್ರದ ಒಟ್ಟು ಎತ್ತರ 120 ಅಥವಾ 144. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸ್ಕೇಲಿಂಗ್ ಶೇ. 125 ಇರುತ್ತದೆ, ಅಲ್ಲಿ ಒಂದೊಂದು ಚೌಕ 50 ಅಥವಾ 60 ಪಿಕ್ಸೆಲ್ ಬೇಕು. ಚಿಕ್ಕ ಚಿತ್ರವನ್ನು ಎಳೆದು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ.

ಉಳಿಸುವುದು 32 ಬಿಟ್‌ನ ಪಿಎನ್‌ಜಿಯಲ್ಲೇ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ. ಹಳೆಯ ಪೇಂಟ್‌ನಲ್ಲಿ ತೆರೆದು ಉಳಿಸಿದರೂ ಅದು ಹೋಗಿ, ಗುಂಡು ಬಟನ್‌ನ ಸುತ್ತ ಬಿಳಿ ಚೌಕ ಬರುತ್ತದೆ. ಗಿಂಪ್ ಅಥವಾ ಪೇಂಟ್ ಡಾಟ್ ನೆಟ್ ಬಳಸಿ. ಇನ್ನೊಂದು: ಓಪನ್-ಶೆಲ್ ನೆನಪಿಟ್ಟುಕೊಳ್ಳುವುದು ಚಿತ್ರ ಇರುವ ಜಾಗವನ್ನು. ಡೌನ್‌ಲೋಡ್ಸ್ ಫೋಲ್ಡರ್ ಗುಡಿಸುವಾಗ ಚಿತ್ರವೂ ಹೋದರೆ ಬಟನ್ ಕೈಕೊಡುತ್ತದೆ. ಡಾಕ್ಯುಮೆಂಟ್ಸ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಇಡಿ.

ವಿಂಡೋಸ್ 11ರಲ್ಲಿ ಮೊದಲು ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್‌ಗೆ ಹೋಗಿ ಐಕಾನ್‌ಗಳನ್ನು ಎಡಕ್ಕೆ ತನ್ನಿ. ಆಮೇಲೂ ಪಾರದರ್ಶಕ ಅಂಚಿನಿಂದ ಮೂಲ ಲೋಗೋ ಇಣುಕಿದರೆ, ಚಿತ್ರದ ಹಿನ್ನೆಲೆಗೆ ಟಾಸ್ಕ್‌ಬಾರ್‌ನದೇ ಬಣ್ಣ ತುಂಬಿಬಿಡಿ. ಚೆಂದವಲ್ಲ, ಆದರೆ ಕೆಲಸ ನಡೆಯುತ್ತದೆ.

ಬರೀ ಬಣ್ಣ ಬೇಕಾದವರಿಗೆ ಇದ್ಯಾವುದೂ ಬೇಡ. ಪರ್ಸನಲೈಸೇಶನ್‌ನ ಕಲರ್ಸ್ ಪುಟದಲ್ಲಿ ಸ್ಟಾರ್ಟ್ ಮತ್ತು ಟಾಸ್ಕ್‌ಬಾರ್‌ಗೆ ಆಕ್ಸೆಂಟ್ ಬಣ್ಣ ಹಚ್ಚುವ ಸ್ವಿಚ್ ಇದೆ. ಅದು ಮಂಕಾಗಿ, ಒತ್ತಲು ಬಾರದಂತಿದ್ದರೆ ನೀವು ಲೈಟ್ ಮೋಡ್‌ನಲ್ಲಿದ್ದೀರಿ ಎಂದರ್ಥ; ಡಾರ್ಕ್‌ಗೆ ಬನ್ನಿ, ಇಲ್ಲವೇ ಕಸ್ಟಮ್ ಆರಿಸಿ ವಿಂಡೋಸ್‌ಗೆ ಮಾತ್ರ ಡಾರ್ಕ್ ಕೊಡಿ.

ಎಲ್ಲ ಹೊಂದಿಸಿದ ಮೇಲೆ ಓಪನ್-ಶೆಲ್ ಸೆಟ್ಟಿಂಗ್ಸ್‌ನ ಬ್ಯಾಕಪ್ ಗುಂಡಿ ಒತ್ತಿ ಎಕ್ಸ್‌ಎಂಎಲ್ ಫೈಲಾಗಿ ಉಳಿಸಿ. ಬಟನ್ ಚಿತ್ರ ಅದರೊಳಗೆ ಸೇರುವುದಿಲ್ಲ, ಅದನ್ನೂ ಜೊತೆಗೆ ನಕಲು ಮಾಡಿಕೊಳ್ಳಿ.